ಕೊಡುವ ಸುಖ

ನಾನು ಕೆಟ್ಟ ಮಾಲೀಕನಲ್ಲ. ಹೀಗೆ ಶುರು ಮಾಡಿದವನನ್ನು ಯಾರೂ ನಂಬಬಾರದು ಅಂತ ಗೊತ್ತು. ಆದರೂ ಮಾತು ಸುಳ್ಳಲ್ಲ. ರಾಯದುರ್ಗದಲ್ಲಿ ನನ್ನದೊಂದು ಜೀನ್ಸ್ ಹೊಲಿಯುವ ಯೂನಿಟ್ ಇದೆ. 18 ಜನ ಕೆಲಸಕ್ಕೆ ಬರುತ್ತಾರೆ, ಅವರಲ್ಲಿ 12 ಜನ ಹೆಂಗಸರು. ದಿನಕ್ಕೆ ಎರಡು ಹೊತ್ತು ಟೀ, ಬಿಸ್ಕತ್ತು. ಯುಗಾದಿಗೆ ಬಟ್ಟೆ, ದೀಪಾವಳಿಗೆ ಸ್ವೀಟ್ ಬಾಕ್ಸ್. ಏಪ್ರಿಲ್ ತಿಂಗಳಲ್ಲಿ ಇಲ್ಲಿನ ಬಿಸಿಲು ತಗಡಿನ ಮೇಲೆ ಕೂತು ಒಳಗಿರುವವರನ್ನು ಬೇಯಿಸುವಾಗ ಮಧ್ಯಾಹ್ನ ಮಜ್ಜಿಗೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದರೆ ನನ್ನ ಬೈಕಿನಲ್ಲೇ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಹೆಣ್ಣುಮಕ್ಕಳನ್ನು ಏಕವಚನದಲ್ಲಿ ಕೂಗುವುದಿಲ್ಲ, ಕೂಗಾಡುವುದಂತೂ ಇಲ್ಲವೇ ಇಲ್ಲ.

ಈ ಪಟ್ಟಿ ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದಲ್ಲ, ಈಚೆಗೆ ನನಗೆ ಕಿರಿಕಿರಿ ಮಾಡುತ್ತಿರುವುದು ಅದೇ. ಯಾರೂ ಕೇಳದಿದ್ದಾಗಲೂ ಮನಸ್ಸಿನಲ್ಲಿ ಇದನ್ನು ಓದಿಕೊಳ್ಳುತ್ತಿರುತ್ತೇನೆ. ಯಾರಾದರೂ ಕೆಲಸ ಬಿಟ್ಟು ಹೋದಾಗ ಇನ್ನೂ ಜೋರಾಗಿ.

ನಾನು ಹುಟ್ಟಿದ್ದು ಮಡಕಶಿರಾ ತಾಲ್ಲೂಕಿನಲ್ಲಿ, ಅಮರಾಪುರ ದಾಟಿ ಹೇಮಾವತಿಯ ಕಡೆಗೆ. ರಾಯದುರ್ಗ ಹೆಂಡತಿಯ ಊರು. ಎರಡೂ ಅನಂತಪುರ ಜಿಲ್ಲೆಯ ಕನ್ನಡ ಊರುಗಳೇ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆಯಾದರೂ ನಮ್ಮ ಬಾಯಿಂದ ಅನಂತಪುರ ಇನ್ನೂ ಹೋಗಿಲ್ಲ. ಈ ಎರಡು ಊರುಗಳ ನಡುವೆ ನಾನು ಬೆಂಗಳೂರಿನಲ್ಲಿ ಒಂದು ದೊಡ್ಡ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೆ. ಕೆಲಸಗಾರರ ಅನುಭವವನ್ನು ಉತ್ತಮಗೊಳಿಸುವುದೇ ಅಲ್ಲಿ ನನ್ನ ಕೆಲಸ. ಹುಟ್ಟುಹಬ್ಬಕ್ಕೆ ಕೇಕು, ಮಹಿಳಾ ದಿನಕ್ಕೆ ರಂಗೋಲಿ ಸ್ಪರ್ಧೆ, ಸಲಹಾ ಪೆಟ್ಟಿಗೆ, ತಿಂಗಳ ಉತ್ತಮ ಟೈಲರ್ ಅಂತ ಒಂದು ಫೋಟೊ. ಓದಲು ಬಾರದವರಿಗೂ ಅನುಕೂಲವಾಗಲಿ ಅಂತ ಮುಖಗಳ ಚಿತ್ರವಿರುವ ಒಂದು ಸರ್ವೆ ಹಾಳೆಯನ್ನೂ ಮಾಡಿದ್ದೆ: ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಲೈನ್ ಸೂಪರ್‌ವೈಸರ್ ಬೆನ್ನ ಹಿಂದೆ ನಿಂತಿರುತ್ತಿದ್ದ. ಹೆಚ್ಚುಕಡಿಮೆ ಎಲ್ಲರೂ ನಗುವ ಮುಖಕ್ಕೇ ಟಿಕ್ ಹಾಕಿದರು. ನಾನು ಅದನ್ನು ಬಣ್ಣಬಣ್ಣದ ಚಾರ್ಟು ಮಾಡಿ ಮೇಲಕ್ಕೆ ಕಳಿಸಿದೆ.

ಅದಾಗಿ ಬಹಳ ದಿನವಾಗಿರಲಿಲ್ಲ, 2016ರ ಏಪ್ರಿಲ್ 18 ಬಂತು. ಪಿಎಫ್‌ನಲ್ಲಿ ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಗಾರ್ಮೆಂಟ್ಸಿನಲ್ಲಿ 58ರವರೆಗೆ ಯಾರು ಉಳಿಯುತ್ತಾರೆ? ಕಣ್ಣು, ಬೆನ್ನು ಸೋತು ನಲವತ್ತಕ್ಕೇ ಊರಿಗೆ ಹೋಗುವವರು. ಮಗಳ ಮದುವೆಗೋ, ಸಾಲ ತೀರಿಸಲೋ ಒಟ್ಟಿಗೆ ಕೈಗೆ ಬರುವ ಹಣ ಅದೊಂದೇ. ಸಂಘವೊಂದರ ಕರೆಯೂ ಇಲ್ಲದೆ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು, ಮಾರನೆಯ ದಿನ ತುಮಕೂರು ರಸ್ತೆ, ಮೈಸೂರು ರಸ್ತೆಗಳಿಗೂ. ಬಸ್ಸುಗಳು ಸುಟ್ಟವು, ಲಾಠಿ ಬಿತ್ತು, 19ರ ಹೊತ್ತಿಗೆ ಸರ್ಕಾರ ನಿಯಮವನ್ನು ವಾಪಸು ತೆಗೆದುಕೊಂಡಿತು. ನಮ್ಮ ಕಾರ್ಖಾನೆಯೂ ಖಾಲಿಯಾಗಿತ್ತು. ನಾನು ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತು ನಗುವ ಮುಖಕ್ಕೆ ಟಿಕ್ ಹಾಕಿದವರೆಲ್ಲ ರಸ್ತೆಯಲ್ಲಿ ಕೂತಿದ್ದನ್ನು ನೋಡಿದೆ. ನನ್ನ ಹಾಳೆಯಲ್ಲಿ ಪಿಎಫ್ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಕ್ಯಾಂಟೀನಿನ ಸಾಂಬಾರಿನ ಬಗ್ಗೆ ಎರಡಿದ್ದವು.

ಆವತ್ತು ಏನಾದರೂ ಹೊಳೆಯಿತೇ ಅಂದರೆ, ಇಲ್ಲ. ಮೊದಲು ಅನಿಸಿದ್ದು ಸಿಟ್ಟು: ಇಷ್ಟೆಲ್ಲ ಮಾಡಿದೆವಲ್ಲ ಇವರಿಗೆ, ಅಂತ. ಆ ‘ಇಷ್ಟೆಲ್ಲ’ದಲ್ಲಿ ಕೇಕು ಇತ್ತು, ರಂಗೋಲಿ ಇತ್ತು.

ನಮ್ಮ ತರಬೇತಿಯಲ್ಲಿ ಒಂದು ಅಮೆರಿಕದ ಕಥೆ ಹೇಳುತ್ತಿದ್ದರು. ಷಿಕಾಗೊ ಪಕ್ಕದ ಹಾಥಾರ್ನ್ ಎಂಬ ಟೆಲಿಫೋನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಯೋಗ. ದೀಪದ ಬೆಳಕು ಹೆಚ್ಚಿಸಿದರು, ಕೆಲಸ ಹೆಚ್ಚಾಯಿತು. ಬೆಳಕು ಕಡಿಮೆ ಮಾಡಿದರು, ಆಗಲೂ ಹೆಚ್ಚಾಯಿತು. ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಅನ್ನಿಸಿದರೆ ಸಾಕು ಮನುಷ್ಯ ಚೆನ್ನಾಗಿ ದುಡಿಯುತ್ತಾನೆ ಎಂಬ ನೀತಿಯನ್ನು ಅದರಿಂದ ಹಿಂಡಿಕೊಡುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಆಮೇಲೆ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಕೂರಿಸಿಕೊಂಡು ಅವರ ಕಷ್ಟ ಕೇಳಿದರಂತೆ. ಕೇಳಿಸಿಕೊಂಡದ್ದಕ್ಕೇ ಅವರ ಮನಸ್ಸು ಹಗುರಾಯಿತಂತೆ. ಆ ಪ್ರಯೋಗದ ಲೆಕ್ಕಾಚಾರ ಸರಿಯಿಲ್ಲ ಅಂತ ಆಮೇಲೆ ಬಹಳ ಜನ ತಕರಾರು ತೆಗೆದಿದ್ದಾರೆ, ಅದು ಬೇರೆ ಮಾತು. ನನಗೆ ಮಾತ್ರ ಆ ಕಥೆ ಬಹಳ ಹಿಡಿಸಿತ್ತು. ಕೇಳಿದರೆ ಸಾಕು, ಕೊಡಬೇಕಾಗಿಲ್ಲ ಅಂತ ನಾನು ಅದನ್ನು ಅರ್ಥ ಮಾಡಿಕೊಂಡಿದ್ದೆ ಅಂತ ಈಗ ಅನ್ನಿಸುತ್ತದೆ.

ಈಗ ರಾಯದುರ್ಗದ ನನ್ನ ಯೂನಿಟ್ಟಿನ ಕೆಲಸ ಹೀಗಿದೆ. ಬಳ್ಳಾರಿಯ ವ್ಯಾಪಾರಿ ಕಟಿಂಗ್ ಆದ ಮಾಲನ್ನು ಬಂಡಲ್ ಕಟ್ಟಿ ಕಳಿಸುತ್ತಾನೆ. ನಾವು ಪಾಕೆಟ್, ಜಿಪ್, ಸೈಡು, ಬೆಲ್ಟ್, ಬಾಟಮ್, ಲೂಪ್ ಎಲ್ಲ ಹಚ್ಚಿ ವಾಪಸು ಕಳಿಸಿದರೆ ಅಲ್ಲಿ ವಾಷಿಂಗ್ ಆಗುತ್ತದೆ. ಅಂಗಡಿಯಲ್ಲಿ ನೀವು ನೋಡುವ ಮೆತ್ತಗಿನ ತಿಳಿನೀಲಿ ವಾಷಿಂಗಿನ ನಂತರದ್ದು. ನಮ್ಮ ಹತ್ತಿರ ಇರುವಾಗ ಅದು ಗಂಜಿ ಹಾಕಿದಂಥ ಬಿರುಸು ಬಟ್ಟೆ, ಮುಟ್ಟಿದರೆ ಬಣ್ಣ ಬಿಡುತ್ತದೆ. ಸಾಯಂಕಾಲದ ಹೊತ್ತಿಗೆ ಎಲ್ಲರ ಬೆರಳು ನೀಲಿ, ಮೂಗು ಒರೆಸಿಕೊಂಡ ಜಾಗ ನೀಲಿ, ಹುಬ್ಬಿನ ಮೇಲೆ ನೀಲಿ ಹಿಂಜು. ಲೂಪ್ ಬರುವ ಕಡೆ ಬಟ್ಟೆ ಏಳೆಂಟು ಪದರ ದಪ್ಪಗಿರುತ್ತದೆ. ಸೂಜಿ ಮುರಿಯುವುದು ಅಲ್ಲೇ, ಬೆರಳಿಗೆ ಹೋಗುವುದೂ ಅಲ್ಲೇ. ಕೂಲಿಯೆಲ್ಲ ಪೀಸ್ ರೇಟು, ಬಟವಾಡೆ ಶನಿವಾರ. ಬಟವಾಡೆಯಲ್ಲಿ ಸ್ವಲ್ಪ ಹಿಡಿದುಕೊಳ್ಳುತ್ತೇನೆ, ಯಾಕೆಂದರೆ ಬಳ್ಳಾರಿಯಿಂದ ನನಗೆ ಬರಬೇಕಾದದ್ದು ಬಂದಿರುವುದಿಲ್ಲ. ಇದು ನಿಜ. ಬಂದ ವಾರವೂ ಹಿಡಿದುಕೊಂಡಿದ್ದೇನೆ ಅನ್ನುವುದೂ ನಿಜ.

ಬೆಲ್ಟ್ ಹಚ್ಚುವ ಕನ್ಸಾಯ್ ಮಿಷಿನ್ನಿನಲ್ಲಿ ಕೂರುವ ಒಬ್ಬಾಕೆ ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಹೊಸ ಸ್ಟೈಲಿನ ಮಾಲು ಬಂದಾಗ ರೇಟು ಬೇರೆಯಾಗಬೇಕು. ಬೆಲ್ಟ್ ಅಗಲ ಬೇರೆ, ದಾರ ಬೇರೆ, ಒಳಗೆ ಪಟ್ಟಿ ಬೇರೆ. ನಾನು ರೇಟು ಹೇಳುವುದು ಅರ್ಧ ಲಾಟು ಮುಗಿದ ಮೇಲೆ. ಒಂದು ದಿನ ಟೀ ಲೋಟ ಕೆಳಗಿಟ್ಟು, ಯಾವ ಸಿಟ್ಟೂ ಇಲ್ಲದೆ ಅಂದಳು:

‘ಸಾರ್, ರೇಟು ಮೊದ್ಲೇ ಹೇಳಿಬಿಡ್ರಿ. ಬೇಕಾದ್ರೆ ಟೀ ಬ್ಯಾಡ ಬಿಡ್ರಿ.’

ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಲಗಿದಾಗ ನನಗೆ ನೋವಾಗಿದೆ ಅಂತ ಗೊತ್ತಾಯಿತು. ಯಾವ ಭಾಗಕ್ಕೆ ನೋವಾಗಿದೆ ಅಂತ ಹುಡುಕಿದೆ. ರೇಟು ಕೇಳಿದ್ದಕ್ಕಲ್ಲ. ಟೀ ಬೇಡ ಅಂದದ್ದಕ್ಕೆ.

ಟೀಗೆ ಎಷ್ಟು ಖರ್ಚಾಗುತ್ತದೆ ಅಂತ ನಾನು ಎಂದೂ ಲೆಕ್ಕ ಹಾಕಿರಲಿಲ್ಲ. ಬೇರೆ ಎಲ್ಲದಕ್ಕೂ ಹಾಕುತ್ತೇನೆ, ದಾರದ ರೀಲು ಎಷ್ಟು ಪ್ಯಾಂಟಿಗೆ ಬರುತ್ತದೆ ಅನ್ನುವುದು ಬಾಯಿಪಾಠ. ಆವತ್ತು ಹಾಕಿದೆ. 18 ಜನ, ಎರಡು ಹೊತ್ತು, ಬಿಸ್ಕತ್ತೂ ಸೇರಿ ತಲೆಗೆ 7 ರೂಪಾಯಿ, ತಿಂಗಳಿಗೆ 26 ದಿನ: 6,552 ರೂಪಾಯಿ. ಸುಮ್ಮನೆ ಪಕ್ಕದಲ್ಲಿ ಇನ್ನೊಂದು ಲೆಕ್ಕ ಬರೆದೆ. ಸುಮ್ಮನೆ ಅಂದೆನಲ್ಲ, ಸುಮ್ಮನೆ ಅಲ್ಲ, ಎಚ್‌ಆರ್ ಕೆಲಸ ಮಾಡಿದ ಕೈ ತಾನಾಗಿಯೇ ಬರೆಯಿತು. ಸರಾಸರಿ ತಿಂಗಳಿಗೆ 9,000 ದುಡಿದರೆ 18 ಜನಕ್ಕೆ 1,62,000. ಕೆಲಸಗಾರರ ವಿಮೆಯಾದ ಇಎಸ್‌ಐನಲ್ಲಿ ಮಾಲೀಕನ ಪಾಲು 2019ರ ಜುಲೈಯಿಂದ ನೂರಕ್ಕೆ 3.25, ಅದಕ್ಕೂ ಮೊದಲು 4.75 ಇತ್ತು. 5,265 ರೂಪಾಯಿ. ಅಂದರೆ ಟೀಗಿಂತ ಕಡಿಮೆ.

ನಾನು ಇಎಸ್‌ಐ ಕಟ್ಟುತ್ತಿಲ್ಲ. 10 ಜನ ಇದ್ದರೆ ಕಟ್ಟಬೇಕು, ಹಳೆಯ ಕಾಯ್ದೆಯಲ್ಲೂ ಅಷ್ಟೇ, ಹೊಸ ಕಾರ್ಮಿಕ ಸಂಹಿತೆಯಲ್ಲೂ ಅಷ್ಟೇ. ನನ್ನಲ್ಲಿ ಕಾಗದದ ಮೇಲೆ 9 ಜನ ಇದ್ದಾರೆ. ಇನ್ನು 9 ಜನ ಹೆಂಡತಿಯ ಹೆಸರಿನ ಯೂನಿಟ್ಟಿನಲ್ಲಿದ್ದಾರೆ. ಎರಡಕ್ಕೂ ಛಾವಣಿ ಒಂದೇ, ನಡುವೆ ಗೋಡೆಯೂ ಇಲ್ಲ. ಕರೆಂಟ್ ಮೀಟರ್ ಮಾತ್ರ ಎರಡಿವೆ. ಎಷ್ಟು ಹೋಳು ಮಾಡಿದರೂ ಸಂಸ್ಥೆ ಒಂದೇ ಅಂತ 1952ರ ಪಿಎಫ್ ಕಾಯ್ದೆಯಲ್ಲೇ ಒಂದು ಕಲಮು ಇತ್ತು. ಬೆಂಗಳೂರಿನಲ್ಲಿ ಅದನ್ನು ಹೊಸ ಹುಡುಗರಿಗೆ ನಾನೇ ಪಾಠ ಮಾಡಿದವನು. ಪಿಎಫ್‌ಗೆ 20 ಜನ ಬೇಕು, ನನ್ನಲ್ಲಿ ಕೂಡಿಸಿದರೂ 18, ಹಾಗಾಗಿ ಅಲ್ಲಿ ಬಚಾವು. ಕಾರ್ಖಾನೆ ಅನ್ನಿಸಿಕೊಳ್ಳುವ ಮಿತಿಯನ್ನೂ 2020ರ ಸಂಹಿತೆಯಲ್ಲಿ 10ರಿಂದ 20ಕ್ಕೆ ಏರಿಸಿದ್ದಾರೆ. ಅದನ್ನು ಓದಿದ ದಿನ ನನಗೆ ಖುಷಿಯಾಗಿತ್ತು. ಕಾನೂನು ಗೊತ್ತಿಲ್ಲದವನು ಒಮ್ಮೊಮ್ಮೆ ಅಚಾನಕ್ಕಾಗಿ ಅದನ್ನು ಪಾಲಿಸಿಬಿಡುತ್ತಾನೆ. ಗೊತ್ತಿರುವ ನನಗೆ ಅದರ ಅಂಚು ಎಲ್ಲಿದೆ ಅಂತ ಅಂಗುಲಂಗುಲ ಗೊತ್ತು.

ಹಾಗಾದರೆ ಹಣಕ್ಕಾಗಿ ಅಲ್ಲ. ಟೀಗೆ ಖರ್ಚು ಮಾಡುವವನಿಗೆ ಇದಕ್ಕೆ ಹಣವಿಲ್ಲ ಅಂತ ಹೇಳಲು ಬರುವುದಿಲ್ಲ. ಬೇರೆ ಕಾರಣಗಳನ್ನು ಜೋಡಿಸಿಟ್ಟುಕೊಂಡಿದ್ದೆ: ಇಎಸ್‌ಐ ಆಸ್ಪತ್ರೆ ದೂರ, ಇವರು ಅಲ್ಲಿಗೆ ಹೋಗುವವರಲ್ಲ, ಅವರ ಪಾಲು 0.75 ಕತ್ತರಿಸಿದರೆ ಅವರೇ ಬೈಯುತ್ತಾರೆ. ಇವುಗಳಲ್ಲಿ ಸ್ವಲ್ಪ ಸ್ವಲ್ಪ ನಿಜವೂ ಇದೆ. ಆದರೆ ನಾನು ಅವರನ್ನು ಕೇಳಿಯೇ ಇಲ್ಲ.

ಹಿಂದೊಂದು ವರ್ಷ ನಮ್ಮಲ್ಲಿ ಟ್ರಿಮ್ಮಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ಏಳು ತಿಂಗಳ ಬಸುರಿಯಾಗಿ ಕೆಲಸ ಬಿಟ್ಟಳು. ನನ್ನ ಹೆಂಡತಿ ಮನೆಗೆ ಕರೆದು, ಮಣೆಯ ಮೇಲೆ ಕೂರಿಸಿ, ಸೀರೆ ಕುಪ್ಪಸ ಕೊಟ್ಟು ಉಡಿ ತುಂಬಿದಳು. ನಾನು 5,000 ರೂಪಾಯಿ ಕವರಿನಲ್ಲಿಟ್ಟು ಕೊಟ್ಟೆ. ಹುಡುಗಿ ಕಾಲಿಗೆ ಬಿದ್ದಳು, ಅವಳ ತಾಯಿ ಅತ್ತಳು, ನನ್ನ ಕಣ್ಣೂ ತೇವವಾಯಿತು. ನನ್ನ ಬದುಕಿನಲ್ಲಿ ನನ್ನ ಬಗ್ಗೆ ನನಗೇ ಅಷ್ಟು ಹಿತವೆನಿಸಿದ ಸಂದರ್ಭಗಳು ಕಡಿಮೆ. ಇಎಸ್‌ಐ ಇದ್ದಿದ್ದರೆ ಅವಳಿಗೆ 26 ವಾರ ಪೂರ್ತಿ ಕೂಲಿ ಬರಬೇಕಿತ್ತು, ಅವಳ ದುಡಿಮೆಯ ಲೆಕ್ಕದಲ್ಲಿ 50,000 ದಾಟುತ್ತಿತ್ತು. ಅದು ಬ್ಯಾಂಕಿಗೆ ಬೀಳುತ್ತಿತ್ತು. ಯಾರ ಕಾಲಿಗೂ ಬೀಳಬೇಕಾಗಿರಲಿಲ್ಲ. ನನಗೆ ಆ ಮಧ್ಯಾಹ್ನ ಸಿಗುತ್ತಿರಲಿಲ್ಲ.

ಇದನ್ನು ಬರೆದು ಒಮ್ಮೆ ಅಳಿಸಿದ್ದೆ, ನನ್ನನ್ನು ನಾನೇ ಅತಿಯಾಗಿ ಕೆಟ್ಟವನನ್ನಾಗಿ ಮಾಡಿಕೊಳ್ಳುತ್ತಿದ್ದೇನೆ ಅನ್ನಿಸಿತು. ಅದರಲ್ಲೂ ಒಂದು ಸುಖವಿದೆಯಲ್ಲ. ಉಡಿ ತುಂಬಿದ್ದು ತಪ್ಪಲ್ಲ. ಹೆಂಡತಿಯ ಮನಸ್ಸಿನಲ್ಲಂತೂ ಲೆಕ್ಕ ಇರಲಿಲ್ಲ. ನನ್ನ ಮನಸ್ಸಿನಲ್ಲೂ ಆ ಗಳಿಗೆಯಲ್ಲಿ ಇರಲಿಲ್ಲ ಅಂತಲೇ ನಂಬಿದ್ದೇನೆ. ಲೆಕ್ಕ ಮೊದಲೇ ಆಗಿಹೋಗಿತ್ತು, ಎರಡು ಮೀಟರ್ ಹಾಕಿಸಿದ ದಿನ.

ನೀರಿನ ಕಥೆಯೂ ಇದೇ ತರಹದ್ದು, ಬೇಗ ಹೇಳಿ ಮುಗಿಸುತ್ತೇನೆ. 14,000 ಕೊಟ್ಟು ಆರ್‌ಒ ಫಿಲ್ಟರ್ ಹಾಕಿಸಿ, ಮೇಲೆ ‘ತಂದೆಯವರ ಜ್ಞಾಪಕಾರ್ಥ’ ಅಂತ ಬರೆಸಿದೆ. ಹೆಂಗಸರು ಕುಡಿಯಲಿಲ್ಲ. ನೀರು ಕುಡಿದರೆ ಹಿಂದೆ ಹೋಗಬೇಕು, ಹಿಂದಿನ ಪಾಯಿಖಾನೆಗೆ ಒಳಗಿನ ಚಿಲಕ ಇರಲಿಲ್ಲ. ಗಂಡಸರೂ ಅದಕ್ಕೇ ಹೋಗುತ್ತಾರೆ. ಒಬ್ಬಳು ಹೊರಗೆ ಕಾವಲು ನಿಲ್ಲಬೇಕು, ಪೀಸ್ ರೇಟಿನ ಕೆಲಸದಲ್ಲಿ ಕಾವಲು ನಿಂತ ಹೊತ್ತು ಇಬ್ಬರ ಕೂಲಿಗೂ ಖೋತಾ. ಚಿಲಕಕ್ಕೆ 60 ರೂಪಾಯಿ. ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಚಿಲಕದ ಮೇಲೆ ತಂದೆಯ ಹೆಸರು ಬರೆಸಲು ಆಗುವುದಿಲ್ಲ.

ಮಡಕಶಿರಾದಲ್ಲಿ ನನ್ನ ಚಿಕ್ಕಪ್ಪನ ಮಗಳಿದ್ದಾಳೆ. ಹಿಂದೂಪುರದ ಕಡೆ ಒಂದು ದೊಡ್ಡ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕತ್ತಲಿರುವಾಗಲೇ ಎದ್ದು ಅನ್ನ ಮಾಡಿಟ್ಟು ಕಂಪನಿ ಬಸ್ಸು ಹಿಡಿಯಬೇಕು, ವಾಪಸು ಬರುವಾಗಲೂ ಕತ್ತಲು. ಊರ ಜಾತ್ರೆಗೆ ಹೋದಾಗ ಅವಳ ಮುಖ ನೋಡಿ ಸಂಕಟವಾಗಿ, ‘ನಮ್ಮ ಯೂನಿಟ್ಟಿಗೇ ಬಂದ್ಬಿಡಮ್ಮ, ಮನೆ ಮಾಡ್ಕೊಡ್ತೀನಿ, ಯಾರೂ ಒಂದು ಮಾತು ಅನ್ನಲ್ಲ’ ಅಂದೆ.

‘ಅಲ್ಲಿ ಬೈತಾರೆ ಕಣಣ್ಣ, ಇಲ್ಲ ಅನ್ನಲ್ಲ’ ಅಂದಳು. ‘ಟಾರ್ಗೆಟ್ ಆಗ್ಲಿಲ್ಲ ಅಂದ್ರೆ ಹೆಸ್ರಿಡ್ದು ಕೂಗ್ತಾರೆ. ಆದ್ರೆ ತಾರೀಕಿಗೆ ದುಡ್ಡು ಬೀಳುತ್ತೆ. ಕಾರ್ಡ್ ಐತೆ. ಯಾರ ಮುಂದೇನೂ ನಿಂತ್ಕಂಡು ಕೇಳ್ಬೇಕಾಗಿಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ನನಗೆ ಬೇಜಾರಾಯಿತೇನೋ ಅಂತ ನಗುತ್ತಾ ಸೇರಿಸಿದಳು: ‘ನಿನ್ನತ್ರ ಬಂದ್ರೆ ಬೈಯಂಗೂ ಇಲ್ಲ, ಕೇಳಂಗೂ ಇಲ್ಲ.’

ಆ ಕಾರ್ಖಾನೆಯನ್ನು ನಾನು ಹೊಗಳುತ್ತಿಲ್ಲ. ಗಂಟೆಗಿಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆದು ಜನರನ್ನು ಅಟ್ಟುವ ಪದ್ಧತಿ ನನಗೆ ಒಳಗಿನಿಂದ ಗೊತ್ತು. ಆದರೆ ಅವಳು ಹೇಳಿದ ಕೊನೆಯ ಮಾತು ಮಾತ್ರ ಬೆನ್ನು ಬಿಡುತ್ತಿಲ್ಲ. ರಾಯದುರ್ಗದಲ್ಲಿ ನನ್ನ ದೊಡ್ಡ ಬಂಡವಾಳ ಮಿಷಿನ್ನುಗಳಲ್ಲ, ಅವರು ಕೇಳಲಾರದ ಹಾಗಿರುವುದು. ಅದರಲ್ಲಿ ಭಾಷೆಯದೂ ಪಾಲಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಾಗಾಗಿ ಇಲ್ಲಿ ಕಚೇರಿಯ ಕಾಗದವೆಲ್ಲ ತೆಲುಗು, ಮನೆಯ ಮಾತು ಎಷ್ಟೋ ಕಡೆ ಕನ್ನಡ. ಮನೆಯ ಮಾತಿನಲ್ಲಿ ಮಾತಾಡುವ ಮಾಲೀಕ ಅರ್ಧ ನೆಂಟ. ‘ನಾವು ನಮ್ಮೋರಲ್ಲೇನಮ್ಮ, ಎಲ್ಲಿ ಓಡಿ ಹೋಗ್ತೀನಿ’ ಅಂತ ಶನಿವಾರ ಹೇಳಿದರೆ ಬಾಕಿ ಮುಂದಿನ ವಾರಕ್ಕೆ ಹೋಗುತ್ತದೆ. ಕಾಗದದ ಕೆಲಸಕ್ಕೆ ಅವರು ನನ್ನ ಹತ್ತಿರವೇ ಬರುತ್ತಾರೆ, ಅರ್ಜಿ ಓದಿಸಿಕೊಳ್ಳಲು, ಆಧಾರ್ ತಿದ್ದಿಸಲು. ಸಂತೋಷದಿಂದ ಮಾಡಿಕೊಡುತ್ತೇನೆ. ಅವರು ಓದಬೇಕಾದ ಒಂದು ಕಾಗದವನ್ನು, ಕೂಲಿಯ ಚೀಟಿಯನ್ನು, ಇವತ್ತಿನವರೆಗೆ ಕೊಟ್ಟಿಲ್ಲ.

ಅಡ್ವಾನ್ಸ್ ಪುಸ್ತಕದ ವಿಷಯ ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಶಾಲೆ ಶುರುವಾಗುವಾಗ, ಮದುವೆಗೆ, ಬೋರ್‌ವೆಲ್ಲಿಗೆ ಅಂತ ಹತ್ತು ಇಪ್ಪತ್ತು ಸಾವಿರ ಕೊಡುತ್ತೇನೆ. ಬಡ್ಡಿ ಇಲ್ಲ. ಈ ಕಡೆ ಬಡ್ಡಿಯಿಲ್ಲದ ಸಾಲ ಅಂದರೆ ದೇವರು ಕೊಟ್ಟ ಹಾಗೆ. ಅಡ್ವಾನ್ಸ್ ತೀರುವವರೆಗೆ ಪಕ್ಕದ ಯೂನಿಟ್ಟಿನವರು ಅವರನ್ನು ಕರೆಯುವುದಿಲ್ಲ, ಅದು ಮಾಲೀಕರ ನಡುವೆ ಬಾಯಿಮಾತಿನ ಒಪ್ಪಂದ. ತೀರುವ ಹೊತ್ತಿಗೆ ‘ಬೇಕಾದರೆ ಇನ್ನೊಂದು ಸ್ವಲ್ಪ ತಗೋ’ ಅಂತ ನಾನೇ ಕೇಳುತ್ತೇನೆ. ಕಷ್ಟ ನೋಡಿ ಕೊಡುತ್ತೇನೋ, ಹೋಗಬಾರದು ಅಂತ ಕೊಡುತ್ತೇನೋ? ಎರಡೂ ಒಂದೇ ಕೈಯಿಂದ ಹೋಗುವುದರಿಂದ ನನಗೇ ಬೇರೆ ಮಾಡಲು ಆಗುತ್ತಿಲ್ಲ. ಕನ್ಸಾಯ್ ಮಿಷಿನ್ನಿನಾಕೆಗೆ ಕೊಟ್ಟಷ್ಟು ಧಾರಾಳವಾಗಿ ಕಸ ಗುಡಿಸುವ ಮುದುಕಿಗೆ ಕೊಟ್ಟಿಲ್ಲ ಅನ್ನುವುದು ಮಾತ್ರ ಪುಸ್ತಕದಲ್ಲೇ ಇದೆ.

ಚಿಲಕ ಹಾಕಿಸಿದ್ದೇನೆ. ಹೋದ ಲಾಟಿಗೆ ರೇಟನ್ನು ಮೊದಲೇ ಹೇಳಿದೆ. ಹೇಳುವಾಗ ನಾಲಿಗೆ ತಡೆಯಿತು, ಮತ್ತು ಮಾಮೂಲಿಗಿಂತ ಹತ್ತು ಪೈಸೆ ಕಡಿಮೆಯಿಂದ ಶುರು ಮಾಡಿದೆ, ಚೌಕಾಸಿಗೆ ಇರಲಿ ಅಂತ. ಅವರು ಚೌಕಾಸಿ ಮಾಡಿದರು. ಅಷ್ಟು ವರ್ಷದಲ್ಲಿ ನನ್ನೆದುರು ಅವರು ದನಿ ಎತ್ತಿ ಮಾತಾಡಿದ್ದು ಅದೇ ಮೊದಲು. ನನಗೆ ಇಷ್ಟವಾಗಲಿಲ್ಲ.

ಇಎಸ್‌ಐ ವಿಷಯವನ್ನು ಲೆಕ್ಕ ಬರೆಯುವವರ ಹತ್ತಿರ ಎತ್ತಿದೆ. ಎರಡು ಹೆಸರನ್ನು ಒಂದು ಮಾಡುವುದಕ್ಕೆ ಬಹಳ ಹೊತ್ತು ಬೇಡ, ಮೇಡಂ ಒಂದು ಅರ್ಜಿಗೆ ಸಹಿ ಹಾಕಬೇಕು, ನೀವು ಒಂದಕ್ಕೆ ಹಾಕಬೇಕು ಅಂದರು. ಹೆಂಡತಿಗೆ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, ‘ಹಂಗಾದ್ರೆ ಟೀ ನಿಲ್ಲಿಸ್ತೀರೇನ್ರಿ?’ ಅಂತ ಸಹಜವಾಗಿ ಕೇಳಿದಳು, ಖರ್ಚು ಸರಿದೂಗಿಸುವ ಲೆಕ್ಕದಲ್ಲಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಟೀ ಯಾಕೆ ನಿಲ್ಲಿಸಬೇಕು ಅಂತ ರೇಗಿದೆ. ಸಿಟ್ಟು ಬಂದದ್ದು ಅವರ ಟೀ ತಪ್ಪುತ್ತದೆ ಅಂತಲೋ, ನನ್ನದು ತಪ್ಪುತ್ತದೆ ಅಂತಲೋ, ಇನ್ನೂ ಬಗೆಹರಿದಿಲ್ಲ.

ಆಕೆ ಸಹಿ ಹಾಕಿಕೊಟ್ಟಿದ್ದಾಳೆ. ನನ್ನದು ಬಾಕಿ ಇದೆ. ಈ ತಿಂಗಳು ಬಳ್ಳಾರಿಯಿಂದ ಮಾಲು ಜಾಸ್ತಿ ಬಂದಿದೆ, ಪುರುಸೊತ್ತಿಲ್ಲ ಅಂದುಕೊಂಡಿದ್ದೇನೆ. ಹೋದ ತಿಂಗಳು ಮಾಲೇ ಇರಲಿಲ್ಲ. ಕೆಲಸವೇ ಇಲ್ಲದಾಗ ಇದೆಲ್ಲ ಯಾಕೆ ಅಂದುಕೊಂಡಿದ್ದೆ.